ಗೋವಿನಜೋಳ ಪೆಟ್ರೋಲ್ ಟ್ಯಾಂಕಿಗೆ ಹೋದರೆ ರೈತನ ಪಾಲೆಷ್ಟು?

ಈ ಸಲ ಕಬ್ಬು, ಧಾನ್ಯದಿಂದ ತೆಗೆದು ಪೆಟ್ರೋಲ್‌ಗೆ ಬೆರೆಸುವ ಎಥನಾಲ್ ಬಗ್ಗೆಯೇ ಪತ್ರಗಳು ಜಾಸ್ತಿ ಬಂದಿವೆ. ಇಲ್ಲಿ ಜೋಳ ಅಂದಲ್ಲೆಲ್ಲ ಗೋವಿನಜೋಳ, ಅಂದರೆ ಮೆಕ್ಕೆಜೋಳ. ಹಾಗಾಗಿ ಇಡೀ ಅಂಕಣವನ್ನು ಅದಕ್ಕೇ ಬಿಟ್ಟಿದ್ದೇನೆ. ಒಂದೇ ಥರದ ಪ್ರಶ್ನೆಗಳನ್ನು ಒಟ್ಟು ಸೇರಿಸಿದ್ದೇನೆ. ಹೆಸರು ಹಾಕಬೇಡಿ ಅಂದವರೇ ಹೆಚ್ಚು, ಅದಕ್ಕೆ ಊರು ಮಾತ್ರ ಇದೆ.

ಪ್ರಶ್ನೆ (ರಾಣೆಬೆನ್ನೂರು): ಪೆಟ್ರೋಲ್‌ಗೆ ಎಥನಾಲ್ ಬೆರೆಸ್ತಾರೆ, ಇನ್ನು ಗೋವಿನಜೋಳಕ್ಕೆ ಬಂಗಾರದ ಬೆಲೆ ಅಂದ್ರು. ನಂಬಿ ಇದ್ದ ಹೊಲಕ್ಕೆಲ್ಲ ಅದನ್ನೇ ಬಿತ್ತಿದೆವು. 2025ರ ನವೆಂಬರ್‌ನಲ್ಲಿ ಎಪಿಎಂಸಿಗೆ ಒಯ್ದರೆ ಕ್ವಿಂಟಲ್‌ಗೆ 1,700ರ ಆಸುಪಾಸು ಕೇಳಿದರು. ಬೆಂಬಲ ಬೆಲೆ 2,400 ಅಲ್ವಾ? ಕಾರ್ಖಾನೆಯವರು ಅಷ್ಟೊಂದು ಕೊಳ್ತಾರೆ ಅಂದ್ಮೇಲೆ ಬೆಲೆ ಯಾಕೆ ಬಿತ್ತು?

ಉತ್ತರ: ನಿಮ್ಮ ಪ್ರಶ್ನೆಗೆ ಉತ್ತರ ಕೊಡಬೇಕಾದರೆ ಮೊದಲು ಕಾರ್ಖಾನೆಯ ಲೆಕ್ಕ ನೋಡಬೇಕು. ನೀತಿ ಆಯೋಗ 2021ರಲ್ಲಿ ಎಥನಾಲ್ ಬಗ್ಗೆ ಒಂದು ಯೋಜನಾ ವರದಿ ತಂದಿತು. ಅದರ ಪ್ರಕಾರ ಒಂದು ಟನ್ ಗೋವಿನಜೋಳದಿಂದ 380 ಲೀಟರ್ ಎಥನಾಲ್ ಬರುತ್ತದೆ. ಅಂದರೆ ನಿಮ್ಮ ಒಂದು ಕ್ವಿಂಟಲ್‌ಗೆ 38 ಲೀಟರ್. ತೈಲ ಕಂಪನಿಗಳು ಗೋವಿನಜೋಳದ ಎಥನಾಲ್‌ಗೆ ಕೊಡುವ ದರ ಲೀಟರ್‌ಗೆ 71 ರೂಪಾಯಿ 86 ಪೈಸೆ. ಗುಣಿಸಿ ನೋಡಿ, ಕ್ವಿಂಟಲ್‌ಗೆ ಸುಮಾರು 2,730 ರೂಪಾಯಿ ಆಯಿತು. ಇದರ ಮೇಲೆ ಸುಮಾರು 30 ಕೆಜಿ ಮೇವಿನ ಪುಡಿಯೂ ಉಳಿಯುತ್ತದೆ. ಅದನ್ನು ಕೋಳಿ, ದನದ ಆಹಾರ ತಯಾರಿಸುವವರಿಗೆ ಮಾರುತ್ತಾರೆ. ಅದರ ಕಥೆ ಮುಂದೆ ಬೀದರ್‌ನವರ ಪ್ರಶ್ನೆಯಲ್ಲಿ ಬರುತ್ತದೆ.

ಈಗ ಮುಖ್ಯ ವಿಷಯ. ಈ 71.86 ಅನ್ನೋದು ಮಾರುಕಟ್ಟೆಯಲ್ಲಿ ಹುಟ್ಟಿದ ದರ ಅಲ್ಲ, ಮೊದಲೇ ನಿಗದಿ ಮಾಡಿದ ದರ. ನೀವು ಜೋಳವನ್ನು 2,400ಕ್ಕೆ ಮಾರಿದರೂ, 1,700ಕ್ಕೆ ಮಾರಿದರೂ ಅದು ಅಷ್ಟೇ ಇರುತ್ತದೆ. 2,400ಕ್ಕೆ ಕೊಂಡರೆ ಕಾರ್ಖಾನೆಗೆ ಒಂದು ಲೀಟರ್ ಎಥನಾಲ್‌ಗೆ ಜೋಳದ ಖರ್ಚೇ 63 ರೂಪಾಯಿ ಬೀಳುತ್ತದೆ. 1,700ಕ್ಕೆ ಕೊಂಡರೆ 45 ರೂಪಾಯಿಗೆ ಮುಗಿಯುತ್ತದೆ. ನಡುವಿನ 18 ರೂಪಾಯಿ ಎಲ್ಲಿಗೆ ಹೋಯಿತು ಅಂತ ನಾನು ಬಿಡಿಸಿ ಹೇಳಬೇಕಿಲ್ಲ. ಕಾರ್ಖಾನೆಗೂ ಉಗಿ, ಕರೆಂಟು, ಕಿಣ್ವ, ಬ್ಯಾಂಕ್ ಬಡ್ಡಿ ಅಂತ ಖರ್ಚು ಇದ್ದೇ ಇದೆ, 2,400 ಕೊಟ್ಟರೆ ಅವರಿಗೂ ಉಳಿಯುವುದು ಕಡಿಮೆಯೇ. ಆದರೆ ದರದ ಭರವಸೆ ಅವರಿಗೆ ಇದೆ, ನಿಮಗೆ ಇಲ್ಲ. ನಿಮ್ಮ 2,400 ಅನ್ನೋದು ಘೋಷಣೆ ಮಾತ್ರ. ಸರ್ಕಾರ ಖರೀದಿ ಕೇಂದ್ರ ತೆರೆದು ಕೊಳ್ಳದಿದ್ದರೆ ಆ ಬೆಲೆಗೆ ಕೊಳ್ಳಲೇಬೇಕು ಅಂತ ಯಾವ ವ್ಯಾಪಾರಿಗೂ ಕಟ್ಟಳೆ ಇಲ್ಲ. ಇಡೀ ಎಥನಾಲ್ ಯೋಜನೆಯ ಬಗ್ಗೆ ನನ್ನ ದೊಡ್ಡ ತಕರಾರು ಇದೇ.

ಇನ್ನು ಬೆಲೆ ಯಾಕೆ ಬಿತ್ತು? ಹಿಂದಿನ ವರ್ಷ ಒಳ್ಳೆ ಬೆಲೆ ಸಿಕ್ಕಿತ್ತು, ಹಾಗಾಗಿ ಎಲ್ಲರೂ ಬಿತ್ತಿದರು. ಬೆಳೆಯೂ ಬಂತು. ಆದರೆ ಎಥನಾಲ್ ಕೊಳ್ಳುವವರು ಮೂರು ದೊಡ್ಡ ಸರ್ಕಾರಿ ತೈಲ ಕಂಪನಿಗಳೇ. ಅವರಿಗೆ ಬೇಕಾದಷ್ಟು ಬಂದ ಮೇಲೆ ಒಂದು ಹನಿಯನ್ನೂ ಜಾಸ್ತಿ ಕೊಳ್ಳುವುದಿಲ್ಲ. 2025ರ ನವೆಂಬರ್‌ನಿಂದ ಶುರುವಾದ ವರ್ಷಕ್ಕೆ ಅವರು ಕೇಳಿದ್ದು 1,050 ಕೋಟಿ ಲೀಟರ್. ದೇಶದ ಕಾರ್ಖಾನೆಗಳೆಲ್ಲ ಸೇರಿ ಕೊಡ್ತೀವಿ ಅಂತ ಮುಂದೆ ಬಂದಿದ್ದು 1,776 ಕೋಟಿ ಲೀಟರ್. ಅಂದರೆ ಹತ್ತು ಲೀಟರ್ ಮಾಡಬಲ್ಲವನಿಗೆ ಆರು ಲೀಟರ್‌ಗೆ ಮಾತ್ರ ಗಿರಾಕಿ. ಸರ್ಕಾರವೇ ಬಡ್ಡಿ ರಿಯಾಯಿತಿ ಕೊಟ್ಟು ಕಾರ್ಖಾನೆ ಹಾಕಿಸಿತು, ಈಗ ಪೆಟ್ರೋಲ್‌ನಲ್ಲಿ ಶೇ 20ರ ಮಿತಿ ಮುಟ್ಟಿದ ಮೇಲೆ ಬೇಡಿಕೆ ನಿಂತಲ್ಲೇ ನಿಂತಿದೆ. ಕರ್ನಾಟಕದ ಕಾರ್ಖಾನೆಗಳಿಗೆ ಸಿಕ್ಕ ಪಾಲು ತೀರಾ ಕಡಿಮೆ ಅಂತ ಆ ನವೆಂಬರ್‌ನಲ್ಲೇ ಮುಖ್ಯಮಂತ್ರಿ ಸಿದ್ದರಾಮಯ್ಯ ಪ್ರಧಾನಿಗೆ ದೂರಿದ್ದರು.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ನಿಮ್ಮ ಜೋಳಕ್ಕೆ ಪೈಪೋಟಿ ಕೊಡುತ್ತಿರುವುದು ಸರ್ಕಾರದ ಗೋದಾಮಿನ ಅಕ್ಕಿ. 2025ರ ಜನವರಿಯಲ್ಲಿ ಭಾರತ ಆಹಾರ ನಿಗಮದ ಅಕ್ಕಿಯನ್ನು ಎಥನಾಲ್‌ಗೆ ಕ್ವಿಂಟಲ್‌ಗೆ 2,250 ರೂಪಾಯಿಗೆ ಇಳಿಸಿದರು. ಅದಕ್ಕೂ ಮುಂಚೆ 2,800 ಇತ್ತು. ಒಂದು ಕ್ವಿಂಟಲ್ ಅಕ್ಕಿಗೆ 45 ಲೀಟರ್ ಎಥನಾಲ್ ಬರುತ್ತದೆ, ಜೋಳಕ್ಕಿಂತ 7 ಲೀಟರ್ ಜಾಸ್ತಿ. ಧಾನ್ಯದ ಕಾರ್ಖಾನೆ ಎರಡನ್ನೂ ಬಳಸಬಲ್ಲದು. ಅಕ್ಕಿ ಸುಲಭವಾಗಿ ಸಿಕ್ಕರೆ ಜೋಳ ಕೊಳ್ಳುವವನಿಗೆ ಅವಸರ ಯಾಕೆ?

ಪ್ರಶ್ನೆ (ಮೂಡಲಗಿ): ನಮ್ಮ ಕಬ್ಬಿನಿಂದ ಸಕ್ಕರೆ, ಎಥನಾಲ್, ಕರೆಂಟು, ಗೊಬ್ಬರ ಎಲ್ಲ ಮಾಡಿ ಮಾರ್ತಾರ. ನಮಗ ರೊಕ್ಕ ಕೊಡೋವಾಗ ಮಾತ್ರ ಸಕ್ಕರೆ ರಿಕವರಿ ಅಷ್ಟೇ ಲೆಕ್ಕ. ಎಥನಾಲ್ ಲಾಭದಾಗ ನಮ್ಮ ಪಾಲು ಎಲ್ಲಿ ಐತ್ರಿ?

ಉತ್ತರ: ನಿಮ್ಮ ಕಡೆಯ ಗುರ್ಲಾಪುರ ಕ್ರಾಸ್‌ನಲ್ಲಿ 2025ರ ನವೆಂಬರ್‌ನಲ್ಲಿ ಧರಣಿ ಕೂತ ಕಬ್ಬು ಬೆಳೆಗಾರರು ಕೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಟನ್ನಿಗೆ 3,500 ಕೇಳಿದರು, ಕೊನೆಗೆ ಕಟಾವು, ಸಾಗಣೆ ಖರ್ಚು ಬಿಟ್ಟು 3,300ಕ್ಕೆ ಇತ್ಯರ್ಥ ಆಯಿತು, ಅದರಲ್ಲೂ 50 ರೂಪಾಯಿ ಸರ್ಕಾರದ್ದು.

ಕಾನೂನು ಏನಿದೆ ಅಂದರೆ, ಕಬ್ಬಿನ ಎಫ್‌ಆರ್‌ಪಿ (ಕೇಂದ್ರ ನಿಗದಿ ಮಾಡುವ ಕನಿಷ್ಠ ದರ) ಸಕ್ಕರೆ ರಿಕವರಿಗೆ, ಅಂದರೆ ಕಬ್ಬಿನ ತೂಕದಲ್ಲಿ ಎಷ್ಟು ಪಾಲು ಸಕ್ಕರೆ ಸಿಗುತ್ತದೆ ಅನ್ನೋದಕ್ಕೆ ಕಟ್ಟಿಹಾಕಿದೆ. 2025-26ಕ್ಕೆ ಶೇ 10.25 ರಿಕವರಿ ಇದ್ದರೆ ಟನ್ನಿಗೆ 3,550 ರೂಪಾಯಿ. ಕಟಾವು, ಸಾಗಣೆ ಖರ್ಚು ಅದರಲ್ಲೇ ಕಳೆಯುತ್ತಾರೆ, ಅದು ನಿಮಗೆ ಗೊತ್ತೇ ಇದೆ. ಸಕ್ಕರೆ ಉದ್ಯಮದ ಬಗ್ಗೆ ಕೇಂದ್ರ ನೇಮಿಸಿದ್ದ ರಂಗರಾಜನ್ ಸಮಿತಿ 2012ರಲ್ಲಿ ಆದಾಯ ಹಂಚಿಕೆಯ ಸೂತ್ರ ಹೇಳಿತು. ಸಕ್ಕರೆ ಮತ್ತು ಉಪ ಉತ್ಪನ್ನಗಳ ಒಟ್ಟು ಬೆಲೆಯಲ್ಲಿ ಶೇ 70 ರೈತನಿಗೆ, ಇಲ್ಲವೇ ಸಕ್ಕರೆಯೊಂದರದ್ದೇ ಲೆಕ್ಕ ಹಿಡಿದರೆ ಶೇ 75. ಕೇಳೋಕೆ ಚೆನ್ನಾಗಿದೆ. ಆದರೆ ಅಲ್ಲಿ ಉಪ ಉತ್ಪನ್ನ ಅಂದರೆ ಕಾಕಂಬಿ (ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕ), ಸಿಪ್ಪೆ, ಮಡ್ಡಿ. ಕಾಕಂಬಿಯಿಂದ ಮುಂದೆ ಆಗುವ ಎಥನಾಲ್ ಅಲ್ಲ, ಸಿಪ್ಪೆಯಿಂದ ಆಗುವ ಕರೆಂಟೂ ಅಲ್ಲ. ಅಂದರೆ ನಿಮ್ಮ ಪಾಲು ಕಾಕಂಬಿ ಟ್ಯಾಂಕಿನ ಹತ್ತಿರ ನಿಂತುಬಿಡುತ್ತದೆ, ಅಲ್ಲಿಂದಾಚೆ ಡಿಸ್ಟಿಲರಿಗೆ ಬಂಡವಾಳ ಹಾಕಿದವನದ್ದು. ಕಾರ್ಖಾನೆಯವರ ವಾದವೂ ಇದೇ: ಸಾಲ ನಮ್ಮದು, ನಷ್ಟ ಆದರೂ ನಮ್ಮದು, ಲಾಭ ಮಾತ್ರ ಯಾಕೆ ಹಂಚಬೇಕು ಅಂತ. ಪೂರ್ತಿ ತಳ್ಳಿಹಾಕುವ ಮಾತಲ್ಲ. ಆದರೆ ಸಾಲದ ಬಡ್ಡಿಗೆ ಸರ್ಕಾರ ಕೈ ಹಿಡಿದಿದೆ, ಎಥನಾಲ್ ಮೇಲಿನ ಜಿಎಸ್‌ಟಿಯನ್ನು ಶೇ 18ರಿಂದ 5ಕ್ಕೆ ಇಳಿಸಿದೆ, ಕೊಳ್ಳುವ ಗಿರಾಕಿಯನ್ನೂ ತಾನೇ ಹುಡುಕಿ ಕೊಟ್ಟಿದೆ. ಇಷ್ಟೆಲ್ಲ ಸಾರ್ವಜನಿಕ ದುಡ್ಡಿನಲ್ಲಿ ಆದ ಮೇಲೆ ಪಾಲು ಕೇಳುವುದು ತಪ್ಪಲ್ಲ ಅಂತ ನನ್ನ ಅಭಿಪ್ರಾಯ.

ಹಾಗಂತ ಎಥನಾಲ್‌ನಲ್ಲಿ ಹಣದ ಹೊಳೆ ಹರಿಯುತ್ತಿದೆ ಅಂದುಕೊಂಡಿದ್ದರೆ ಈ ಲೆಕ್ಕ ನೋಡಿ. ಒಂದು ಟನ್ ಕಬ್ಬಿನ ಹಾಲನ್ನು ನೇರ ಎಥನಾಲ್ ಮಾಡಿದರೆ ಸುಮಾರು 70 ಲೀಟರ್. ಲೀಟರ್‌ಗೆ 65.61ರಂತೆ 4,600 ರೂಪಾಯಿಗೆ ಸ್ವಲ್ಪ ಕಡಿಮೆ. ಅದೇ ಕಬ್ಬಿನಿಂದ ಸಕ್ಕರೆ ಮಾಡಿದರೆ ನೂರು ಕೆಜಿ ಚಿಲ್ಲರೆ. ಕಾರ್ಖಾನೆ ಬಾಗಿಲಲ್ಲಿ ಕೆಜಿಗೆ 38 ರೂಪಾಯಿ ಅಂತ ಹಿಡಿಯೋಣ, 3,900 ರೂಪಾಯಿ ಆಯಿತು. ಕೊನೆಯ ಕಾಕಂಬಿಯಿಂದ ಇನ್ನೂ ಹತ್ತು ಲೀಟರ್ ಎಥನಾಲ್, ಅದಕ್ಕೆ 580. ಎರಡೂ ದಾರಿ ಸೇರುವುದು ಹೆಚ್ಚುಕಡಿಮೆ ಒಂದೇ ಜಾಗಕ್ಕೆ. ಆ 65.61 ದರ 2022ರ ಕೊನೆಗೆ ನಿಗದಿಯಾಗಿದ್ದು, ಮೂರು ವರ್ಷ ಅಲ್ಲಾಡಲಿಲ್ಲ. ಅಷ್ಟರಲ್ಲಿ ಎಫ್‌ಆರ್‌ಪಿ 3,050ರಿಂದ 3,550ಕ್ಕೆ ಏರಿತು. ಸಕ್ಕರೆಯ ಕನಿಷ್ಠ ಮಾರಾಟ ದರ ಅಂತೂ 2019ರ ಫೆಬ್ರುವರಿಯಲ್ಲಿ ಮಾಡಿದ 31 ರೂಪಾಯಿಯಲ್ಲೇ ವರ್ಷಗಟ್ಟಲೆ ನಿಂತಿತು. ಇತ್ತ ಗೋವಿನಜೋಳದ ಎಥನಾಲ್‌ಗೆ 71.86 ಕೊಟ್ಟರು. ಹಾಗಾಗಿ 2025-26ರ ಹಂಚಿಕೆಯಲ್ಲಿ ಮುಕ್ಕಾಲು ಪಾಲಿನ ಹತ್ತಿರ ಧಾನ್ಯದ್ದು, ಕಬ್ಬಿಗೆ ಉಳಿದಿದ್ದು ಕಾಲು ಭಾಗದ ಆಸುಪಾಸು. ಕಬ್ಬಿನ ಹೆಚ್ಚುವರಿ ಸಕ್ಕರೆ ಕರಗಿಸೋಕೆ ಅಂತ ಬೆಳೆಸಿದ ಯೋಜನೆ ಈಗ ಕಬ್ಬನ್ನೇ ಪಕ್ಕಕ್ಕೆ ಸರಿಸಿದೆ.

ಒಂದು ಲಾಭ ಮಾತ್ರ ಖಂಡಿತ ಆಗಿದೆ. ಸಕ್ಕರೆ ಮಾರಿ ದುಡ್ಡು ಬರೋಕೆ ತಿಂಗಳುಗಟ್ಟಲೆ ಬೇಕು, ಎಥನಾಲ್ ದುಡ್ಡು ವಾರಗಳಲ್ಲಿ ಬರುತ್ತದೆ. ಹಾಗಾಗಿ ಕಬ್ಬಿನ ಬಾಕಿ ಮೊದಲಿನಷ್ಟು ಎಳೆಯುವುದಿಲ್ಲ. ನಿಮ್ಮ ಕಡೆ ಇನ್ನೂ ಎಳೆಯುತ್ತಿದ್ದರೆ 1966ರ ಕಬ್ಬು ನಿಯಂತ್ರಣ ಆದೇಶ ನೆನಪಿಸಿ: 14 ದಿನದಲ್ಲಿ ಪಾವತಿ, ತಡವಾದರೆ ಶೇ 15 ಬಡ್ಡಿ. ಬಾಯಿಮಾತಲ್ಲಿ ಬೇಡ, ಅರ್ಜಿ ಬರೆದು ಜಿಲ್ಲಾಧಿಕಾರಿ ಕಚೇರಿಗೆ ಕೊಟ್ಟು ಸ್ವೀಕೃತಿ ತಗೊಳ್ಳಿ.

ಪ್ರಶ್ನೆ (ಮೈಸೂರು): ಎಥನಾಲ್ ಬೆರೆಸಿದ ಮೇಲೆ ಪೆಟ್ರೋಲ್ ಅಗ್ಗ ಆಗಬೇಕಿತ್ತಲ್ಲ? ನನ್ನ ಹಳೇ ಸ್ಕೂಟರ್ ಮೈಲೇಜೂ ಕಡಿಮೆ ಕೊಡ್ತಿದೆ.

ಉತ್ತರ: ಅಗ್ಗ ಆಗದಿರುವುದಕ್ಕೆ ಕಾರಣ ಸರಳ. 2025ರಲ್ಲಿ ಎಥನಾಲ್ ಪೆಟ್ರೋಲ್‌ಗಿಂತ ದುಬಾರಿಯಾಗಿತ್ತು. 2025ರ ಜುಲೈ ಕೊನೆಗೆ ತೈಲ ಕಂಪನಿಗಳಿಗೆ ಸಾಗಣೆ, ಜಿಎಸ್‌ಟಿ ಸೇರಿ ಸರಾಸರಿ 71.32 ರೂಪಾಯಿ ಬಿದ್ದಿದೆ, ರಿಫೈನರಿಯಿಂದ ಹೊರಬರುವ ತೆರಿಗೆ ಇಲ್ಲದ ಪೆಟ್ರೋಲ್‌ಗಿಂತ ಇದು ಜಾಸ್ತಿ ಅಂತ ಪೆಟ್ರೋಲಿಯಂ ಸಚಿವಾಲಯವೇ ಹೇಳಿದೆ. ಬಂಕಿನ ನೂರು ಚಿಲ್ಲರೆ ರೂಪಾಯಿಯಲ್ಲಿ ದೊಡ್ಡ ಪಾಲು ತೆರಿಗೆ, ಅದು ಬೇರೆ ಮಾತು. ಉಳಿತಾಯ ಆಗುವುದು ವಿದೇಶಿ ವಿನಿಮಯದಲ್ಲಿ, ನಿಮ್ಮ ಜೇಬಿನಲ್ಲಲ್ಲ.

ಮೈಲೇಜ್ ವಿಷಯಕ್ಕೆ ಬಂದರೆ, ಒಂದು ಲೀಟರ್ ಎಥನಾಲ್‌ನಲ್ಲಿರುವ ಶಕ್ತಿ ಪೆಟ್ರೋಲ್‌ನ ಮೂರರಲ್ಲಿ ಎರಡು ಭಾಗ ಅಷ್ಟೇ. ಶೇ 20 ಬೆರೆಸಿದರೆ ಕಾಗದದ ಲೆಕ್ಕದಲ್ಲಿ ಆರೇಳು ಶೇಕಡಾ ಇಳಿಯಬೇಕು. ಹಳೇ ದ್ವಿಚಕ್ರ ವಾಹನಗಳಲ್ಲಿ ಶೇ 3-4 ಇಳಿಯುತ್ತದೆ ಅಂತ ನೀತಿ ಆಯೋಗದ ಅಂದಾಜು. 2023ರ ಏಪ್ರಿಲ್ ನಂತರ ಬಂದ ಗಾಡಿಗಳ ರಬ್ಬರ್, ಪ್ಲಾಸ್ಟಿಕ್ ಭಾಗಗಳು ಇದನ್ನು ತಡೆಯುವಂಥವು. ಹಳೇ ಗಾಡಿಯಾದರೆ ಸರ್ವಿಸ್‌ಗೆ ಬಿಟ್ಟಾಗ ಪೈಪು, ಗ್ಯಾಸ್ಕೆಟ್ ನೋಡಿ ಅಂತ ಹೇಳಿ, ತಿಂಗಳುಗಟ್ಟಲೆ ಓಡಿಸದೆ ನಿಲ್ಲಿಸಬೇಡಿ. ಎಥನಾಲ್ ಇಲ್ಲದ ಪೆಟ್ರೋಲ್ ಆಯ್ಕೆಯಾದರೂ ಇರಲಿ ಅಂತ ಹಾಕಿದ ಅರ್ಜಿಯನ್ನು 2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ವಜಾ ಮಾಡಿತು. ಬೆಂಗಳೂರಿನಲ್ಲೇ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾದ ಇ20, ಅಂದರೆ ಶೇ 20 ಎಥನಾಲ್ ಬೆರೆಸಿದ ಪೆಟ್ರೋಲ್, ಈಗ ಬೇಕೋ ಬೇಡವೋ ಎಲ್ಲರ ಟ್ಯಾಂಕಿನಲ್ಲೂ ಇದೆ.

ಪ್ರಶ್ನೆ (ಹೊಸಕೋಟೆ): ನಾನು ಕೋಳಿ ಫಾರಂ ಇಟ್ಟಿದ್ದೇನೆ. ಗೋವಿನಜೋಳದ ಬೆಲೆ ಏರಿದರೆ ನಮ್ಮ ಕಥೆ ಮುಗೀತು. ನಮ್ಮ ಬಗ್ಗೆ ಯಾರೂ ಮಾತಾಡಲ್ಲ ಯಾಕೆ?

ಉತ್ತರ: ಮಾತಾಡಬೇಕಾದ ವಿಷಯವೇ. ಕೋಳಿ ಸಾಕಣೆಯ ಖರ್ಚಿನಲ್ಲಿ ಮೂರರಲ್ಲಿ ಎರಡು ಭಾಗ ಆಹಾರದ್ದು, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಗೋವಿನಜೋಳ. ಎಥನಾಲ್ ಬರುವ ಮುಂಚೆ ನಮ್ಮ ದೇಶ ಜೋಳ ರಫ್ತು ಮಾಡುತ್ತಿತ್ತು. 2024ರಲ್ಲಿ ತಿರುಗುಮುರುಗಾಗಿ ಮ್ಯಾನ್ಮಾರ್, ಉಕ್ರೇನ್‌ನಿಂದ ತರಿಸುವಂತಾಯಿತು. ಆಗ ನೀವು ನರಳಿದಿರಿ. 2025ರ ಕೊನೆಗೆ ಬೆಲೆ ಬಿದ್ದಾಗ ರಾಣೆಬೆನ್ನೂರಿನವರು ನರಳಿದರು, ನಿಮಗೆ ಉಸಿರಾಡಲು ಸ್ವಲ್ಪ ಜಾಗ ಸಿಕ್ಕಿತು. ಇಬ್ಬರ ಬೆಲೆಯೂ ಈಗ ತೈಲ ಕಂಪನಿಗಳ ಟೆಂಡರಿಗೆ ನೇತುಬಿದ್ದಿದೆ. ಮೊದಲು ಮಳೆ, ಲದ್ದಿ ಹುಳು ನೋಡಿಕೊಂಡಿದ್ದರೆ ಸಾಕಿತ್ತು. ಕಾರ್ಖಾನೆಯ ಮೇವಿನ ಪುಡಿಯನ್ನು ಆಹಾರಕ್ಕೆ ಬೆರೆಸುವುದಾದರೆ ಬೂಷ್ಟಿನ ವಿಷ, ಅಂದರೆ ಅಫ್ಲಾಟಾಕ್ಸಿನ್ ಪರೀಕ್ಷೆ ಮಾಡಿಸದೆ ಕೊಳ್ಳಬೇಡಿ. ಜೋಳದಲ್ಲಿ ಇದ್ದ ವಿಷ ಪುಡಿಯಲ್ಲಿ ಸುಮಾರು ಮೂರು ಪಟ್ಟು ದಟ್ಟವಾಗುತ್ತದೆ, ಯಾಕೆಂದರೆ ಪಿಷ್ಟ ಎಲ್ಲ ಎಥನಾಲ್ ಆಗಿ ಹೋಗಿರುತ್ತದೆ.

ಪ್ರಶ್ನೆ (ಬೀದರ್): ನಾನು ಬೆಳೆಯೋದು ಸೋಯಾಬೀನ್. ಎಥನಾಲ್‌ಗೂ ನನಗೂ ಸಂಬಂಧವೇ ಇಲ್ಲ. ಆದರೂ ವ್ಯಾಪಾರಿ, ಎಥನಾಲ್‌ನಿಂದ ಸೋಯಾ ಬಿತ್ತು ಅಂತಾನೆ. ಸುಮ್ನೆ ನೆಪ ಹೇಳ್ತಿದ್ದಾನಾ?

ಉತ್ತರ: ಪೂರ್ತಿ ನೆಪ ಅಲ್ಲ. ಸೋಯಾಬೀನ್‌ನಲ್ಲಿ ಎಣ್ಣೆ ಇರುವುದು ಐದರಲ್ಲಿ ಒಂದು ಭಾಗದಷ್ಟೇ. ಉಳಿದದ್ದು ಹಿಂಡಿ, ಅದನ್ನು ಕೋಳಿ ಮತ್ತು ದನದ ಆಹಾರಕ್ಕೆ ಪ್ರೋಟೀನ್‌ಗಾಗಿ ಕೊಳ್ಳುತ್ತಾರೆ. ಈಗ ಧಾನ್ಯದ ಎಥನಾಲ್ ಕಾರ್ಖಾನೆಗಳಿಂದ ಡಿಡಿಜಿಎಸ್ ಅನ್ನುವ ಪುಡಿ ರಾಶಿ ರಾಶಿ ಬರುತ್ತಿದೆ. ಇದೇ ನಾನು ಮೇಲೆ ಹೇಳಿದ ಮೇವಿನ ಪುಡಿ. ಅದರಲ್ಲೂ ಪ್ರೋಟೀನ್ ಇದೆ, ಸೋಯಾ ಹಿಂಡಿಗಿಂತ ಕಡಿಮೆ ಇದ್ದರೂ ಬೆಲೆ ಬಹಳ ಅಗ್ಗ. ಆಹಾರ ಮಾಡುವವರು ಅದನ್ನು ಬೆರೆಸತೊಡಗಿದರು. ಹಿಂಡಿಗೆ ಗಿರಾಕಿ ಕಡಿಮೆಯಾಯಿತು, ಹಿಂಡಿ ಬಿದ್ದ ಮೇಲೆ ಕಾಳಿಗೆ ಯಾರು ಬೆಲೆ ಕೊಡುತ್ತಾರೆ? 2024ರಲ್ಲಿ ಬೆಂಬಲ ಬೆಲೆ 4,892 ಇದ್ದಾಗ ಮಾರುಕಟ್ಟೆಯಲ್ಲಿ ಅದಕ್ಕಿಂತ ನೂರಾರು ರೂಪಾಯಿ ಕೆಳಗೇ ವ್ಯವಹಾರ ನಡೆಯಿತು. ಹೊರದೇಶದ ಬೆಲೆ, ಎಣ್ಣೆಯ ಆಮದು ಇವೂ ಕಾರಣವೇ, ಎಲ್ಲವನ್ನೂ ಎಥನಾಲ್ ತಲೆಗೆ ಕಟ್ಟುವುದು ಸರಿಯಲ್ಲ. ಆದರೆ ಒಂದು ವಿಚಿತ್ರ ಗಮನಿಸಿ. ನಮ್ಮ ದೇಶ ಅಡುಗೆ ಎಣ್ಣೆಯ ಅರ್ಧಕ್ಕಿಂತ ಹೆಚ್ಚನ್ನು ಹೊರಗಿನಿಂದ ತರುತ್ತದೆ. ಕಚ್ಚಾ ತೈಲದ ಆಮದು ಉಳಿಸೋಕೆ ಹೊರಟ ಯೋಜನೆ ಎಣ್ಣೆಕಾಳು ಬೆಳೆಯುವವನನ್ನು ಗೋವಿನಜೋಳದ ಕಡೆ ತಳ್ಳಿದರೆ ಆ ಉಳಿತಾಯದಲ್ಲಿ ಒಂದಿಷ್ಟು ತಾಳೆ ಎಣ್ಣೆಯ ಬಿಲ್ಲಿಗೆ ಹೋಗುತ್ತದೆ.

ಪ್ರಶ್ನೆ (ಧಾರವಾಡ, ಎಂ.ಎ. ವಿದ್ಯಾರ್ಥಿನಿ): ತಿನ್ನುವ ಅಕ್ಕಿಯನ್ನು ಕಾರಿಗೆ ಹಾಕುವುದು ನ್ಯಾಯವೇ? ಸೆಮಿನಾರ್‌ಗೆ ಬೇಕಿತ್ತು ಸರ್.

ಉತ್ತರ: ಸೆಮಿನಾರ್‌ಗೆ ಆದರೆ ಕರ್ನಾಟಕದ ಉದಾಹರಣೆಯನ್ನೇ ತಗೊಳ್ಳಮ್ಮ, ಅದಕ್ಕಿಂತ ಒಳ್ಳೆಯದು ಸಿಗಲ್ಲ. 2023ರ ಜೂನ್‌ನಲ್ಲಿ ಅನ್ನಭಾಗ್ಯಕ್ಕೆ ಹೆಚ್ಚುವರಿ 5 ಕೆಜಿ ಕೊಡಲು ರಾಜ್ಯ ಸರ್ಕಾರ ಆಹಾರ ನಿಗಮದಿಂದ ಕೆಜಿಗೆ 34 ರೂಪಾಯಿ ಕೊಟ್ಟು ಅಕ್ಕಿ ಕೊಳ್ಳಲು ಹೊರಟಿತು. ಕೇಂದ್ರ, ಬೆಲೆ ಏರಿಕೆಯ ಕಾರಣ ಹೇಳಿ ರಾಜ್ಯಗಳಿಗೆ ಮಾರುವುದನ್ನೇ ನಿಲ್ಲಿಸಿತು. ಕೊನೆಗೆ ಅಕ್ಕಿ ಬದಲು ತಲೆಗೆ 170 ರೂಪಾಯಿ ಖಾತೆಗೆ ಹಾಕಬೇಕಾಯಿತು. ಆ ಹೊತ್ತಿನಲ್ಲಿ ಅದೇ ನಿಗಮದ ಅಕ್ಕಿ ಎಥನಾಲ್ ಕಾರ್ಖಾನೆಗೆ ಕೆಜಿಗೆ 20 ರೂಪಾಯಿ ಇತ್ತು. ಜುಲೈನಲ್ಲಿ ಅದನ್ನೂ ನಿಲ್ಲಿಸಿದರು ಅನ್ನೋದನ್ನೂ ಬರೆಯಬೇಕು, ಇಲ್ಲದಿದ್ದರೆ ಅರ್ಧ ಸತ್ಯ ಆಗುತ್ತದೆ. ಆಮೇಲೆ ಗೋದಾಮು ತುಂಬಿ ತುಳುಕಿತು. 2024-25ರ ಎಥನಾಲ್ ವರ್ಷಕ್ಕೆ 50 ಲಕ್ಷ ಟನ್‌ಗೂ ಜಾಸ್ತಿ ಅಕ್ಕಿಯನ್ನು ಇದಕ್ಕೆ ಎತ್ತಿಟ್ಟರು. ಕರ್ನಾಟಕಕ್ಕೂ 2025ರ ಫೆಬ್ರುವರಿಯಿಂದ ಅನ್ನಭಾಗ್ಯದ ಅಕ್ಕಿ ಕೆಜಿಗೆ 22.50ಕ್ಕೇ ಸಿಗತೊಡಗಿತು. ಕಾರಿಗೂ ಅದೇ ದರ, ಪಡಿತರಕ್ಕೂ ಅದೇ ದರ. ನಿಗಮಕ್ಕೆ ಆ ಅಕ್ಕಿ ಕೊಂಡು, ಗಿರಣಿಗೆ ಹಾಕಿ, ಇಟ್ಟುಕೊಳ್ಳುವ ಖರ್ಚು ಕೆಜಿಗೆ 40 ರೂಪಾಯಿಯ ಹತ್ತಿರ. ವ್ಯತ್ಯಾಸ ತುಂಬುವುದು ತೆರಿಗೆಯ ದುಡ್ಡು. ಹಾಗಾಗಿ ಅಕ್ಕಿಯ ಎಥನಾಲ್ 60 ರೂಪಾಯಿಗೆ ಸಿಗ್ತಿದೆ ಅಂದರೆ ಅದು ನಿಜವಾದ ಬೆಲೆ ಅಲ್ಲ.

ಹಸಿವಿನ ಪ್ರಶ್ನೆಗೆ ಬಂದರೆ ಅಮೆರಿಕದಲ್ಲಿ ಬೆಳೆಯುವ ಜೋಳದ ಮೂರರಲ್ಲೊಂದು ಭಾಗಕ್ಕೂ ಜಾಸ್ತಿ ಎಥನಾಲ್‌ಗೆ ಹೋಗುತ್ತದೆ. 2007ರ ಜನವರಿಯಲ್ಲಿ ಮೆಕ್ಸಿಕೋದಲ್ಲಿ ಜೋಳದ ರೊಟ್ಟಿ ದುಬಾರಿಯಾಗಿ ಜನ ಬೀದಿಗಿಳಿದರು, ಆಗ ಬೆರಳು ತೋರಿಸಿದ್ದು ಅಮೆರಿಕದ ಎಥನಾಲ್ ಕಡೆಗೇ. ನಮ್ಮಲ್ಲಿ ಸದ್ಯ ಸಮಸ್ಯೆ ಅಕ್ಕಿ ಇಲ್ಲದ್ದಲ್ಲ, ಜಾಸ್ತಿ ಇರುವುದು. ಕೊಳೆಯುವ ಬದಲು ಎಥನಾಲ್ ಆಗಲಿ ಅನ್ನುವ ವಾದದಲ್ಲಿ ಹುರುಳಿದೆ. ಆದರೆ ಒಂದು ಸಲ ಕಾರ್ಖಾನೆ ನಿಂತ ಮೇಲೆ ಅದಕ್ಕೆ ಪ್ರತಿ ವರ್ಷವೂ ಧಾನ್ಯ ಬೇಕು, ಬರಗಾಲದಲ್ಲೂ ಬೇಕು. 2023ರ ಡಿಸೆಂಬರ್ 7ರಂದು ಸಕ್ಕರೆ ಕಡಿಮೆಯಾದೀತು ಅಂತ ಕಬ್ಬಿನ ಹಾಲಿನ ಎಥನಾಲ್‌ಗೆ ದಿಢೀರ್ ತಡೆ ಹಾಕಿದರು. ಒಂದು ವಾರದ ಬಳಿಕ ಸಡಿಲಿಸಿ 17 ಲಕ್ಷ ಟನ್ ಸಕ್ಕರೆಯ ಮಿತಿ ಇಟ್ಟರು. ಮುಂದಿನ ಹಂಗಾಮಿಗೆ ಅದನ್ನೂ ತೆಗೆದರು. ಅಂದರೆ ಮಳೆ ಕೈಕೊಟ್ಟರೆ ಸರ್ಕಾರ ತಿನ್ನುವವನ ಕಡೆ ವಾಲುತ್ತದೆ. ಅದು ಸರಿಯೇ, ಆದರೆ ಆ ಹಠಾತ್ ನಿರ್ಧಾರದ ಪೆಟ್ಟು ಮೊದಲು ಬೀಳುವುದು ಬೆಳೆದು ನಿಂತ ಕಬ್ಬಿನ ಮೇಲೆ.

ಬ್ರೆಜಿಲ್ ಬಗ್ಗೆ ಬರೆಯುವುದಾದರೆ ಇಷ್ಟು ನೆನಪಿಟ್ಟುಕೊಳ್ಳಿ: ಅವರು ಶುರು ಮಾಡಿದ್ದು 1975ರಲ್ಲಿ, 2003ರಿಂದ ಅಲ್ಲಿ ಯಾವ ಪ್ರಮಾಣದ ಮಿಶ್ರಣಕ್ಕೂ ಓಡುವ ಕಾರುಗಳಿವೆ. ಬಂಕಿನಲ್ಲಿ ಎಥನಾಲ್ ಅಗ್ಗ ಇದ್ದರೆ ಅದು, ಇಲ್ಲದಿದ್ದರೆ ಪೆಟ್ರೋಲ್, ಆಯ್ಕೆ ಗಿರಾಕಿಯದ್ದು. ನಮ್ಮಲ್ಲಿ ಆ ಆಯ್ಕೆ ಇಲ್ಲ.

ಪ್ರಶ್ನೆ (ಅರಸೀಕೆರೆ): ಹದಿನೈದಿಪ್ಪತ್ತು ವರ್ಷದ ಹಿಂದೆ ಹೊಂಗೆ, ಜತ್ರೋಫಾ ನೆಡಿ, ಡೀಸೆಲ್ ಬರುತ್ತೆ ಅಂತ ಊರೂರಲ್ಲಿ ಹೇಳಿದ್ರು. ಬದುವಿನ ಮೇಲೆ ನೆಟ್ಟ ಹೊಂಗೆ ಮರ ಆಗಿದೆ. ಕೊಳ್ಳೋರು ಯಾರು?

ಉತ್ತರ: ಜತ್ರೋಫಾ ಕಥೆ ಬೇಗ ಮುಗಿಸುತ್ತೇನೆ. 2003ರಲ್ಲಿ ಯೋಜನಾ ಆಯೋಗ ಅದನ್ನು ನಂಬಿ 2011-12ರ ಹೊತ್ತಿಗೆ ಡೀಸೆಲ್‌ಗೆ ಶೇ 20 ಬೆರೆಸುವ ಗುರಿ ಇಟ್ಟಿತು. ಬರಡು ನೆಲದಲ್ಲಿ ನೀರಿಲ್ಲದೆ ಬೆಳೆಯುತ್ತದೆ ಅಂದರು. ಗಿಡ ಬೆಳೆಯಿತು, ಕಾಯಿ ಬಿಡಲಿಲ್ಲ. ಕಾಯಿ ಬೇಕಾದರೆ ನೀರು ಗೊಬ್ಬರ ಬೇಕು, ನೀರು ಗೊಬ್ಬರ ಇದ್ದ ನೆಲದಲ್ಲಿ ಜತ್ರೋಫಾ ಯಾರು ಹಾಕುತ್ತಾರೆ?

ಹೊಂಗೆ ಹಾಗಲ್ಲ, ಅದು ನಮ್ಮದೇ ಮರ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಉಡುಪಿ ಶ್ರೀನಿವಾಸ ಅವರು ಹಳ್ಳಿಯಲ್ಲಿ ಹೊಂಗೆ ಎಣ್ಣೆಯಿಂದಲೇ ಜನರೇಟರ್ ಓಡಿಸಿ ನೀರೆತ್ತಿ ತೋರಿಸಿದರು. ನಿಮ್ಮ ಜಿಲ್ಲೆಯ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಉದ್ಯಾನ ಇದೆ. ತಂತ್ರಜ್ಞಾನದಲ್ಲಿ ತೊಡಕಿಲ್ಲ, ತೊಡಕು ಲೆಕ್ಕದಲ್ಲಿ. ಒಂದು ಲೀಟರ್ ಎಣ್ಣೆಗೆ ನಾಲ್ಕು ಕೆಜಿ ಬೀಜದ ಹತ್ತಿರ ಬೇಕು. ಬೀಜ ಕೆಜಿಗೆ 25 ರೂಪಾಯಿ ಅಂತ ಇಟ್ಟುಕೊಂಡರೂ ಬೀಜದ್ದೇ 100 ಆಯಿತು, ಹಿಂಡಿ ಮಾರಿ ಸ್ವಲ್ಪ ವಾಪಸ್ ಬಂದರೂ ಡೀಸೆಲ್‌ಗೆ ಸಮ ಆಗುವುದು ಕಷ್ಟ. ಕಾಯಿ ಆರಿಸಿ, ಒಡೆದು, ಬೀಜ ಬಿಡಿಸುವ ಕೂಲಿ ಇಂದಿನ ದಿನಗೂಲಿಯಲ್ಲಿ ಹುಟ್ಟುವುದಿಲ್ಲ. ಹಿಂದೆ ಅಜ್ಜಿಯಂದಿರು ಬಿಡುವಿನಲ್ಲಿ ಆರಿಸಿ ಸಂತೆಗೆ ಒಯ್ಯುತ್ತಿದ್ದರು, ಆ ದುಡಿಮೆಗೆ ಯಾರೂ ಬೆಲೆ ಕಟ್ಟಿರಲಿಲ್ಲ. ಕಬ್ಬು, ಜೋಳಕ್ಕೆ ಸಿಕ್ಕಂತೆ ಹೊಂಗೆಗೆ ನಿಗದಿ ದರದ ಗಟ್ಟಿ ಗಿರಾಕಿ ಸಿಗಲೇ ಇಲ್ಲ. ನೀವು ಡೀಸೆಲ್ ಆಸೆ ಬಿಟ್ಟು ಎಣ್ಣೆ ಗಾಣದವರಿಗೆ ಬೀಜ ಕೊಟ್ಟು ಹಿಂಡಿ ವಾಪಸ್ ಪಡೆಯಲು ನೋಡಿ. ತೆಂಗಿನ ಬುಡಕ್ಕೆ ಹೊಂಗೆ ಹಿಂಡಿಯಂಥ ಗೊಬ್ಬರ ಅಂಗಡಿಯಲ್ಲಿ ಆ ಬೆಲೆಗೆ ಸಿಗುವುದಿಲ್ಲ.

ಪ್ರಶ್ನೆ (ಮುಧೋಳ): ಒಂದು ಲೀಟರ್ ಎಥನಾಲ್‌ಗೆ ಸಾವಿರಾರು ಲೀಟರ್ ನೀರು ಬೇಕು ಅಂತ ಓದಿದೆ. ನಿಜವಾ? ನಮ್ಮೂರ ಹತ್ತಿರವೂ ಒಂದು ಕಾರ್ಖಾನೆ ಬರ್ತಿದೆ.

ಉತ್ತರ: ಕಬ್ಬಿನ ಎಥನಾಲ್‌ಗೆ 2,860 ಲೀಟರ್ ಅಂತ ನೀತಿ ಆಯೋಗದ ಅದೇ ವರದಿಯಲ್ಲಿದೆ. ಇದು ಕಬ್ಬು ಬೆಳೆಯುವ ನೀರನ್ನೂ ಸೇರಿಸಿದ ಲೆಕ್ಕ. ಸಕ್ಕರೆ ಮಾಡಿ ಉಳಿದ ಕಾಕಂಬಿಯಿಂದ ಎಥನಾಲ್ ಮಾಡಿದರೆ ಹೊಸದಾಗಿ ಕಬ್ಬಿಗೆ ನೀರು ಬಿಟ್ಟಂತಾಗುವುದಿಲ್ಲ, ಅದು ಬೇರೆ. ಎಥನಾಲ್‌ಗಾಗಿಯೇ ಕಬ್ಬು ಹೆಚ್ಚಿಸಿದರೆ ಮಾತ್ರ ಘಟಪ್ರಭಾ, ಕೃಷ್ಣೆಯ ಕಾಲುವೆ ಕೊನೆಯ ರೈತ ಅದರ ಬೆಲೆ ಕೊಡಬೇಕಾಗುತ್ತದೆ. ಮಳೆಯಾಶ್ರಿತ ಗೋವಿನಜೋಳಕ್ಕೆ ಈ ದೂರು ಹೇಳಲಾಗದು.

ಕಾರ್ಖಾನೆ ವಿಷಯದಲ್ಲಿ ಎಚ್ಚರ ಇರಲಿ. ಒಂದು ಲೀಟರ್ ಎಥನಾಲ್‌ಗೆ ಕಾಕಂಬಿಯಾದರೆ ಹತ್ತು ಲೀಟರ್ ಆಸುಪಾಸು ಕೊಳಕು ನೀರು ಹೊರಬರುತ್ತದೆ. ಅದನ್ನು ಒಂದು ಹನಿಯೂ ಹೊರಗೆ ಬಿಡದೆ ಒಳಗೇ ಸುಡಬೇಕು ಅಥವಾ ಸಂಸ್ಕರಿಸಬೇಕು ಅಂತ ನಿಯಮ. ಪಂಜಾಬಿನ ಝೀರಾದಲ್ಲಿ ಎಥನಾಲ್ ಘಟಕದಿಂದ ಬೋರ್‌ವೆಲ್ ನೀರು ಕೆಟ್ಟಿತು ಅಂತ ಹಳ್ಳಿಯವರು ತಿಂಗಳುಗಟ್ಟಲೆ ಧರಣಿ ಕೂತರು, 2023ರ ಜನವರಿಯಲ್ಲಿ ಅಲ್ಲಿನ ಮುಖ್ಯಮಂತ್ರಿ ಆ ಘಟಕ ಮುಚ್ಚಿಸುವುದಾಗಿ ಪ್ರಕಟಿಸಿದರು. ಈಗಲೇ ನಿಮ್ಮೂರಿನ ನಾಲ್ಕಾರು ಬೋರ್‌ವೆಲ್ ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ ವರದಿ ಇಟ್ಟುಕೊಳ್ಳಿ. ಮುಂದೆ ಕೆಟ್ಟರೆ, ಮೊದಲು ಹೇಗಿತ್ತು ಅಂತ ತೋರಿಸೋಕೆ ಕಾಗದ ಬೇಕಲ್ಲ.

ಪ್ರಶ್ನೆ (ಜಗಳೂರು): ಇಷ್ಟೆಲ್ಲ ಹೇಳ್ತೀರಿ, ಮುಂದಿನ ಮುಂಗಾರಿಗೆ ಮೆಕ್ಕೆಜೋಳ ಹಾಕ್ಲಾ ಬೇಡ್ವಾ? ಒಂದೇ ಮಾತಲ್ಲಿ ಹೇಳಿ.

ಉತ್ತರ: ಹಾಕಿ, ಆದರೆ ಪೂರ್ತಿ ಹೊಲಕ್ಕೆ ಬೇಡ. ಎಥನಾಲ್ ಹೆಸರು ಹೇಳಿ ಬೀಜ ಮಾರುವವರ ಮಾತಿಗೆ ಬೀಳಬೇಡಿ. ತೊಗರಿ ಸಾಲು ಸೇರಿಸಿಕೊಳ್ಳಿ. ತೈಲ ಕಂಪನಿಗಳ ಎಥನಾಲ್ ವರ್ಷ ನವೆಂಬರ್ 1ಕ್ಕೆ ಶುರು. ಯಾವ ಕಚ್ಚಾ ವಸ್ತುವಿಗೆ ಎಷ್ಟು ಹಂಚಿಕೆ ಅಂತ ಅದರ ಆಸುಪಾಸಿನಲ್ಲಿ ಪತ್ರಿಕೆಯಲ್ಲಿ ಬರುತ್ತದೆ, ನಿಮ್ಮ ಕಟಾವೂ ಆಗಲೇ. ಒದ್ದೆ ಕಾಳು ಒಯ್ದರೆ ತೇವಾಂಶದ ನೆಪದಲ್ಲಿ ಮುರಿಯುತ್ತಾರೆ, ಹಾಗಾಗಿ ತೇವಾಂಶ ಶೇ 14ಕ್ಕೆ ಇಳಿಯುವವರೆಗೆ ಒಣಗಿಸಿ. ಸಾಲಗಾರನ ಕಾಟ ಇಲ್ಲದಿದ್ದರೆ ದೀಪಾವಳಿ ಹೊತ್ತಿಗೇ ಮಾರಲು ಓಡಬೇಡಿ. ಕಾಟ ಇದ್ದರೆ ನಿಮ್ಮ ಎಪಿಎಂಸಿಯಲ್ಲಿ ಅಡಮಾನ ಸಾಲ ಕೊಡುತ್ತಾರಾ ಅಂತ ಬಿತ್ತನೆಗೆ ಮುಂಚೆಯೇ ವಿಚಾರಿಸಿ ಬನ್ನಿ, ಸುಗ್ಗಿ ಹೊತ್ತಿನಲ್ಲಿ ಅಲ್ಲಿ ಚೀಲ ಇಡೋಕೂ ಜಾಗ ಇರಲ್ಲ. ಒಂದೇ ಮಾತು ಅಂದಿರಿ, ಅದು ಜೋಳದ ವಿಷಯದಲ್ಲಿ ಆಗುವ ಕೆಲಸ ಅಲ್ಲ.